ಪ್ರೋಟೀನ್ ಕಟ್ಟುವ ಆರ್‌ಎನ್‌ಎಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೋಟೀನ್ ತಯಾರಿಕೆಯ ಪಾಠ ಮುಗಿದ ದಿನ ತರಗತಿಯ ಬಾಗಿಲಲ್ಲೇ ನಾಲ್ಕೈದು ವಿದ್ಯಾರ್ಥಿಗಳು ನನ್ನನ್ನು ನಿಲ್ಲಿಸಿಕೊಳ್ಳುತ್ತಾರೆ. ಹಳೆಯ ವಿದ್ಯಾರ್ಥಿಗಳು ಪತ್ರ ಬರೆಯುತ್ತಾರೆ. ಕೊರೊನಾ ಲಸಿಕೆಯ ವರ್ಷಗಳಲ್ಲಂತೂ ಮದುವೆಯ ಊಟದ ಪಂಕ್ತಿಯಲ್ಲೂ ಆರ್‌ಎನ್‌ಎ ವಿಚಾರ ಬಂದಿತ್ತು. ಹಾಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು. ಮುಂದೆ ಹೋದಂತೆ ವಿಷಯ ಸ್ವಲ್ಪ ಗಟ್ಟಿಯಾಗುತ್ತದೆ.

## ಮೊದಲ ಪರಿಚಯ

ಎಲ್ಲ ಮಾಹಿತಿಯೂ ಡಿಎನ್‌ಎಯಲ್ಲೇ ಇದೆಯಲ್ಲ, ನಡುವೆ ಆರ್‌ಎನ್‌ಎ ಏಕೆ ಬರಬೇಕು?

ತಾಲ್ಲೂಕು ಕಚೇರಿಯಲ್ಲಿ ಮೂಲ ದಾಖಲೆ ಕೊಠಡಿಯೊಳಗೇ ಇರುತ್ತದೆ, ನಮ್ಮ ಕೈಗೆ ಬರುವುದು ನಕಲು. ಜೀವಕೋಶದಲ್ಲೂ ಡಿಎನ್‌ಎ ಕೋಶಕೇಂದ್ರದೊಳಗೆ ಉಳಿಯುತ್ತದೆ, ಅದರ ಒಂದು ತುಣುಕಿನ ನಕಲು ಎಂಆರ್‌ಎನ್‌ಎ ಆಗಿ ಹೊರಗೆ ಬರುತ್ತದೆ. ಸಾಮಾನ್ಯವಾಗಿ ಕೊಡುವ ಉತ್ತರ ಇಷ್ಟು. ಆದರೆ ಬ್ಯಾಕ್ಟೀರಿಯಾಗಳಿಗೆ ಕೋಶಕೇಂದ್ರವೇ ಇಲ್ಲ, ಆದರೂ ಅವು ಎಂಆರ್‌ಎನ್‌ಎ ಮಾಡುತ್ತವೆ. ಹಾಗಾಗಿ ಮೂಲ ಪ್ರತಿಯ ರಕ್ಷಣೆ ಅರ್ಧ ಉತ್ತರ ಮಾತ್ರ.

ಉಳಿದರ್ಧವನ್ನು ನಾನು ಯಾವಾಗಲೂ ರೇಷ್ಮೆಹುಳುವಿನಿಂದ ಹೇಳುತ್ತೇನೆ. ರಾಮನಗರ, ಶಿಡ್ಲಘಟ್ಟದ ಮಕ್ಕಳಿಗೆ ಅದು ಮನೆಯ ಸಂಗತಿ. ಗೂಡು ಕಟ್ಟುವ ಮುಂಚಿನ ಕೆಲವೇ ದಿನಗಳಲ್ಲಿ ಹುಳು ಅಪಾರ ಪ್ರಮಾಣದ ಫೈಬ್ರಾಯಿನ್ ಎಂಬ ಪ್ರೋಟೀನ್ ತಯಾರಿಸಬೇಕು. ಅದರ ರೇಷ್ಮೆ ಗ್ರಂಥಿಯ ಕೋಶದಲ್ಲಿ ಒಂದು ಫೈಬ್ರಾಯಿನ್ ವಂಶವಾಹಿಯಿಂದ ಸುಮಾರು 10,000 ಎಂಆರ್‌ಎನ್‌ಎ ಪ್ರತಿಗಳು ಹುಟ್ಟುತ್ತವೆ. ಒಂದೊಂದು ಪ್ರತಿಯಿಂದಲೂ ಸುಮಾರು 1 ಲಕ್ಷ ಫೈಬ್ರಾಯಿನ್ ಅಣುಗಳು ಬರುತ್ತವೆ. ನಾಲ್ಕು ದಿನಗಳಲ್ಲಿ 100 ಕೋಟಿ ಅಣುಗಳು. ಡಿಎನ್‌ಎಯಿಂದಲೇ ನೇರವಾಗಿ ಓದಿ ಕಟ್ಟುವುದಾಗಿದ್ದರೆ ಈ ವೇಗ ಸಾಧ್ಯವಿರಲಿಲ್ಲ. ನಕಲನ್ನು ಬೇಕಾದಷ್ಟು ಮಾಡಬಹುದು, ಬೇಡವಾದಾಗ ಒಡೆದು ಹಾಕಬಹುದು. ಮೂಲಕ್ಕೆ ಆ ಸ್ವಾತಂತ್ರ್ಯವಿಲ್ಲ.

ಪರೀಕ್ಷೆಗೆ ಬೇಕು ಸರ್, ಮೂರು ಆರ್‌ಎನ್‌ಎಗಳ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಿ.

ಎಂಆರ್‌ಎನ್‌ಎ ಹೇಳುತ್ತದೆ, ಟಿಆರ್‌ಎನ್‌ಎ ತರುತ್ತದೆ, ರೈಬೋಸೋಮಿನ ಆರ್‌ಎನ್‌ಎ ಕಟ್ಟುತ್ತದೆ.

ಟಿಆರ್‌ಎನ್‌ಎ ತರುವುದು ಪ್ರೋಟೀನ್ ಸರಪಳಿಯ ಮಣಿಗಳಾದ ಅಮೈನೋ ಆಮ್ಲಗಳನ್ನು. ಅವನ್ನು ಪೋಣಿಸುವ ಯಂತ್ರವೇ ರೈಬೋಸೋಮ್, ಅದಕ್ಕೆ ಒಂದು ದೊಡ್ಡ ಭಾಗ, ಒಂದು ಸಣ್ಣ ಭಾಗ. ಮೂರನೆಯ ಕ್ರಿಯಾಪದವನ್ನು ದಯವಿಟ್ಟು ಗಮನಿಸಿ. ಅನೇಕ ಗೈಡುಗಳಲ್ಲಿ ರೈಬೋಸೋಮಿನ ಆರ್‌ಎನ್‌ಎ ಕುರಿತು "ರೈಬೋಸೋಮಿನ ರಚನೆಗೆ ಆಧಾರ" ಎಂದಷ್ಟೇ ಬರೆದು ಕೈತೊಳೆದುಕೊಂಡಿರುತ್ತಾರೆ. ಅದು ಹಳೆಯ ತಿಳಿವಳಿಕೆ. ಈ ಪುಟವನ್ನು ಬರೆಯಲು ನನ್ನನ್ನು ಹೆಚ್ಚು ಒತ್ತಾಯಿಸಿದ್ದು ಆ ಒಂದು ಸಾಲೇ.

ಕೋಶದಲ್ಲಿ ಯಾವ ಆರ್‌ಎನ್‌ಎ ಹೆಚ್ಚು ಇರುತ್ತದೆ? ಎಂಆರ್‌ಎನ್‌ಎ ತಾನೇ?

ಅಲ್ಲ. ಒಟ್ಟು ಆರ್‌ಎನ್‌ಎಯಲ್ಲಿ ಸುಮಾರು ಶೇ 80 ರೈಬೋಸೋಮಿನದು, ಸುಮಾರು ಶೇ 15 ಟಿಆರ್‌ಎನ್‌ಎ. ಹೆಸರು ಹೆಚ್ಚು ಕೇಳಿಬರುವ ಎಂಆರ್‌ಎನ್‌ಎ ಶೇ 5ನ್ನು ದಾಟುವುದು ಅಪರೂಪ. ಆದರೆ ವೈವಿಧ್ಯದಲ್ಲಿ ಅದೇ ಮುಂದು: ರೈಬೋಸೋಮಿನ ಆರ್‌ಎನ್‌ಎಗಳು ಮೂರು ನಾಲ್ಕು ಬಗೆ, ಎಂಆರ್‌ಎನ್‌ಎಗಳು ಸಾವಿರಾರು ಬಗೆ.

ಒಂದು ಅಮೈನೋ ಆಮ್ಲಕ್ಕೆ ಮೂರಕ್ಷರ ಏಕೆ? ಎರಡು ಸಾಲದೇ?

ಆರ್‌ಎನ್‌ಎ ಲಿಪಿಯಲ್ಲಿ ನಾಲ್ಕೇ ಅಕ್ಷರಗಳು: ಎ, ಯು, ಜಿ, ಸಿ. ಎರಡೆರಡು ಜೋಡಿಸಿದರೆ 16 ಪದಗಳು ಮಾತ್ರ ಸಿಗುತ್ತವೆ. ಅಮೈನೋ ಆಮ್ಲಗಳು 20 ಇವೆ. ಮೂರು ಮೂರು ಜೋಡಿಸಿದರೆ 64. ಕನ್ನಡ ಓದಿದವರಿಗೆ ಈ ಲೆಕ್ಕ ಹೊಸದಲ್ಲ. ಲಘು ಮತ್ತು ಗುರು ಎಂಬ ಎರಡೇ ಗುರುತುಗಳನ್ನು ಮೂರು ಸ್ಥಾನಗಳಲ್ಲಿ ಇಟ್ಟರೆ ಎಂಟು ಅಕ್ಷರಗಣಗಳು ಬರುತ್ತವೆ. ಇಲ್ಲಿ ಗುರುತುಗಳು ನಾಲ್ಕು, ಆದ್ದರಿಂದ 64 ಗಣಗಳು. ಈ ಗಣಕ್ಕೆ ಕೋಡಾನ್ ಎಂದು ಹೆಸರು.

ಹೋಲಿಕೆ ಇನ್ನೊಂದು ಹೆಜ್ಜೆ ನಡೆಯುತ್ತದೆ. ಯಮಾತಾರಾಜಭಾನಸಲಗಂ ಸೂತ್ರದಲ್ಲಿ ಯಮಾತಾ ಎಂದು ಓದಿದರೆ ಯಗಣ, ಒಂದಕ್ಷರ ಸರಿದು ಮಾತಾರಾ ಎಂದು ಓದಿದರೆ ಮಗಣ. ಆರಂಭದ ಜಾಗ ಒಂದಕ್ಷರ ಸರಿದರೆ ಗಣವೇ ಬೇರೆ. ಎಂಆರ್‌ಎನ್‌ಎಯಲ್ಲೂ ಒಂದಕ್ಷರ ಬಿಟ್ಟುಹೋದರೆ ಅಥವಾ ಹೆಚ್ಚಾಗಿ ಸೇರಿದರೆ ಅಲ್ಲಿಂದ ಮುಂದಿನ ಎಲ್ಲ ಗಣಗಳೂ ಬದಲಾಗಿ ಪ್ರೋಟೀನ್ ಕೆಡುತ್ತದೆ. ವ್ಯತ್ಯಾಸವೆಂದರೆ, ಸೂತ್ರವನ್ನು ಒಂದರ ಮೇಲೊಂದು ಹಾಯುವಂತೆ ಓದುತ್ತೇವೆ. ಎಂಆರ್‌ಎನ್‌ಎಯನ್ನು ವೃತ್ತದ ಪಾದಕ್ಕೆ ಪ್ರಸ್ತಾರ ಹಾಕುವಂತೆ ಮೂರು ಮೂರಾಗಿ ಕಡಿದು ಓದಲಾಗುತ್ತದೆ.

ಯಾವ ಮೂರಕ್ಷರಕ್ಕೆ ಯಾವ ಅಮೈನೋ ಆಮ್ಲ ಎಂದು ಹೇಗೆ ಪತ್ತೆಹಚ್ಚಿದರು?

1961ರ ಮೇ ತಿಂಗಳಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಥಾಯ್ ಒಂದು ಸರಳ ಉಪಾಯ ಮಾಡಿದರು. ಬ್ಯಾಕ್ಟೀರಿಯಾವನ್ನು ಅರೆದು ತೆಗೆದ ರಸಕ್ಕೆ ಬರೀ ಯು ಅಕ್ಷರಗಳ ಆರ್‌ಎನ್‌ಎ ಹಾಕಿದರು. ಹೊರಬಂದ ಸರಪಳಿಯಲ್ಲಿ ಫಿನೈಲ್ಅಲನೀನ್ ಒಂದೇ ಇತ್ತು. ಯುಯುಯು ಎಂದರೆ ಫಿನೈಲ್ಅಲನೀನ್ ಎಂದು ಮೊದಲ ಪದದ ಅರ್ಥ ಹೀಗೆ ತಿಳಿಯಿತು.

ಮುಂದಿನ ಕಠಿಣ ಕೆಲಸದಲ್ಲಿ ಹರಗೋವಿಂದ ಖುರಾನಾ ಅವರ ಪಾಲು ದೊಡ್ಡದು. ಇಂದಿನ ಪಾಕಿಸ್ತಾನದಲ್ಲಿರುವ ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ 1922ರಲ್ಲಿ ಹುಟ್ಟಿದ ಅವರು ವಿಸ್ಕಾನ್ಸಿನ್‌ನಲ್ಲಿದ್ದಾಗ ಕ್ರಮ ತಿಳಿದಿರುವ ಆರ್‌ಎನ್‌ಎಗಳನ್ನು ಕಟ್ಟಿ ಪರೀಕ್ಷಿಸಿದರು. ಯುಸಿಯುಸಿಯುಸಿ ಎಂದು ಸಾಗುವ ಎಳೆ ಕೊಟ್ಟಾಗ ಸೆರೀನ್, ಲ್ಯೂಸೀನ್ ಒಂದಾದ ಮೇಲೊಂದು ಬಂದವು. ಎಲ್ಲಿಂದ ಓದಿದರೂ ಆ ಎಳೆಯಲ್ಲಿ ಯುಸಿಯು, ಸಿಯುಸಿ ಎಂಬ ಎರಡೇ ಗಣಗಳಿವೆ. ಓದು ಮೂರಕ್ಷರದ್ದೇ ಎಂಬುದಕ್ಕೂ ಅದು ಸಾಕ್ಷಿಯಾಯಿತು. 1966ರ ಹೊತ್ತಿಗೆ 64 ಕೋಡಾನ್‌ಗಳ ಪಟ್ಟಿ ತುಂಬಿತು. 1968ರ ನೊಬೆಲ್ ಪ್ರಶಸ್ತಿ ನಿರೆನ್‌ಬರ್ಗ್, ಖುರಾನಾ ಮತ್ತು ಟಿಆರ್‌ಎನ್‌ಎಯ ಅಕ್ಷರಗಳನ್ನು ಮೊದಲು ಓದಿದ ರಾಬರ್ಟ್ ಹಾಲಿ ಅವರಿಗೆ ಬಂತು.

## ತರುವವರು, ಕಟ್ಟುವವರು

ಟಿಆರ್‌ಎನ್‌ಎಗೆ ತಾನು ಯಾವ ಅಮೈನೋ ಆಮ್ಲವನ್ನು ತರಬೇಕೆಂದು ಹೇಗೆ ಗೊತ್ತಾಗುತ್ತದೆ?

ಅದಕ್ಕೆ ತಾನಾಗಿ ಗೊತ್ತಿಲ್ಲ. ಟಿಆರ್‌ಎನ್‌ಎ 76ರಿಂದ 90 ಅಕ್ಷರಗಳ ಪುಟ್ಟ ಅಣು. ಅದರ ಒಂದು ತುದಿಯಲ್ಲಿ ಕೋಡಾನ್ ಜೊತೆ ಹೊಂದುವ ಮೂರಕ್ಷರ ಇರುತ್ತದೆ, ಅದೇ ಆ್ಯಂಟಿಕೋಡಾನ್. ಇನ್ನೊಂದು ತುದಿ ಸದಾ ಸಿಸಿಎ ಎಂದು ಮುಗಿಯುತ್ತದೆ. ಅಮೈನೋ ಆಮ್ಲ ಅಂಟುವುದು ಅಲ್ಲಿ. ಯಾವ ಟಿಆರ್‌ಎನ್‌ಎಗೆ ಯಾವ ಅಮೈನೋ ಆಮ್ಲ ಎಂದು ಗುರುತಿಸಿ ಅಂಟಿಸುವವು ಅಮೈನೋಅಸೈಲ್ ಟಿಆರ್‌ಎನ್‌ಎ ಸಿಂಥೆಟೇಸ್ ಎಂಬ ಕಿಣ್ವಗಳು. ಸಾಮಾನ್ಯವಾಗಿ ಪ್ರತಿ ಅಮೈನೋ ಆಮ್ಲಕ್ಕೂ ಇಂಥ ಒಂದು ಕಿಣ್ವವಿದೆ. ಎರಡು ಭಾಷೆಗಳನ್ನೂ ಬಲ್ಲ ದುಭಾಷಿ ನಿಜವಾಗಿ ಈ ಕಿಣ್ವವೇ.

ಇದನ್ನು ಸಾಬೀತು ಮಾಡಿದ 1962ರ ಪ್ರಯೋಗ ನನಗೆ ಬಹಳ ಇಷ್ಟ. ಸಿಸ್ಟೀನ್ ಹೊತ್ತಿದ್ದ ಟಿಆರ್‌ಎನ್‌ಎಯನ್ನು ತೆಗೆದುಕೊಂಡು, ಅಂಟಿದ್ದ ಸಿಸ್ಟೀನನ್ನು ಹಾಗೆಯೇ ರಾಸಾಯನಿಕವಾಗಿ ಅಲನೀನ್ ಆಗಿ ಮಾರ್ಪಡಿಸಿದರು. ರೈಬೋಸೋಮಿಗೆ ಅದನ್ನು ಕೊಟ್ಟಾಗ ಸಿಸ್ಟೀನ್ ಇರಬೇಕಾದ ಜಾಗದಲ್ಲೆಲ್ಲ ಅಲನೀನ್ ಕೂತಿತು. ರೈಬೋಸೋಮ್ ಟಿಆರ್‌ಎನ್‌ಎಯ ಆ್ಯಂಟಿಕೋಡಾನನ್ನು ನೋಡಿ ಒಳಗೆ ಬಿಡುತ್ತದೆಯೇ ಹೊರತು ಅದು ಹೊತ್ತ ಸರಕನ್ನು ಬಿಚ್ಚಿ ನೋಡುವುದಿಲ್ಲ.

61 ಕೋಡಾನ್‌ಗಳು ಅಮೈನೋ ಆಮ್ಲ ಸೂಚಿಸುತ್ತವೆ ಎಂದಾದರೆ 61 ಬಗೆಯ ಟಿಆರ್‌ಎನ್‌ಎ ಬೇಕಲ್ಲವೇ?

ಬೇಕಿಲ್ಲ. ಕೋಡಾನಿನ ಮೊದಲೆರಡು ಅಕ್ಷರಗಳ ಜೋಡಣೆ ಬಿಗಿ, ಮೂರನೆಯದು ಸಡಿಲ. ಫ್ರಾನ್ಸಿಸ್ ಕ್ರಿಕ್ 1966ರಲ್ಲಿ ಇದನ್ನು ವಿವರಿಸಿದರು. ಈ ಸಡಿಲಿನಿಂದ ಒಂದೇ ಟಿಆರ್‌ಎನ್‌ಎ ಎರಡು ಮೂರು ಕೋಡಾನ್‌ಗಳನ್ನು ನಿಭಾಯಿಸುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ನಮ್ಮ ಮೈಟೋಕಾಂಡ್ರಿಯಾ 22 ಟಿಆರ್‌ಎನ್‌ಎಗಳಲ್ಲೇ ಸಂಸಾರ ನಡೆಸುತ್ತದೆ.

ಸಂಖ್ಯೆಗಿಂತ ಕುತೂಹಲದ್ದು ಪ್ರಮಾಣ. ಫೈಬ್ರಾಯಿನ್‌ನಲ್ಲಿ ಸುಮಾರು ಶೇ 45 ಗ್ಲೈಸಿನ್, ಶೇ 30 ಅಲನೀನ್. ಗೂಡು ಕಟ್ಟುವ ಹಂತಕ್ಕೆ ಬಂದ ಹುಳುವಿನ ಗ್ರಂಥಿಯಲ್ಲಿ ಈ ಎರಡಕ್ಕೆ ಬೇಕಾದ ಟಿಆರ್‌ಎನ್‌ಎಗಳು ಇತರವುಗಳನ್ನು ಮೀರಿ ಹೆಚ್ಚುತ್ತವೆ. ಮದುವೆಗೆ ಮುಂಚೆ ಅಡುಗೆಯವರು ಯಾವ ಸಾಮಾನು ಎಷ್ಟು ಬೇಕೆಂದು ಪಟ್ಟಿ ಬರೆಸಿ ತರಿಸಿಟ್ಟಂತೆ.

ಟಿಆರ್‌ಎನ್‌ಎ ಇದೆ ಎಂದು ಮೊದಲು ಊಹಿಸಿದವರು ಯಾರು?

1955ರಲ್ಲಿ ಕ್ರಿಕ್ ತಮ್ಮ ಗೆಳೆಯರ ಬಳಗಕ್ಕೆ ಕಳಿಸಿದ ಟಿಪ್ಪಣಿಯೊಂದರಲ್ಲಿ, ಆರ್‌ಎನ್‌ಎ ಅಕ್ಷರಗಳಿಗೂ ಅಮೈನೋ ಆಮ್ಲಗಳಿಗೂ ನೇರ ಹೊಂದಾಣಿಕೆ ಸಾಧ್ಯವಿಲ್ಲ, ನಡುವೆ ಒಂದು ಕೊಂಡಿ ಇರಲೇಬೇಕು ಎಂದು ತರ್ಕಿಸಿದರು. ಕೆಲವೇ ವರ್ಷಗಳಲ್ಲಿ ಮಹ್ಲನ್ ಹೋಗ್ಲಂಡ್, ಪಾಲ್ ಝಮೆಕ್ನಿಕ್ ಮತ್ತು ಸಂಗಡಿಗರು ಅಮೈನೋ ಆಮ್ಲ ಹೊತ್ತ ಪುಟ್ಟ ಆರ್‌ಎನ್‌ಎಯನ್ನು ಕಂಡರು. ಹಾಲಿ ಅವರ ತಂಡ ಒಂದು ಗ್ರಾಂ ಶುದ್ಧ ಅಲನೀನ್ ಟಿಆರ್‌ಎನ್‌ಎಗಾಗಿ ಸುಮಾರು 140 ಕಿಲೋ ಯೀಸ್ಟ್ ಬಳಸಿತು. ಅದರ ಪೂರ್ಣ ಅಕ್ಷರಕ್ರಮ 1965ರಲ್ಲಿ ಪ್ರಕಟವಾಯಿತು.

ರೈಬೋಸೋಮಿನಲ್ಲಿ ಪ್ರೋಟೀನೂ ಇದೆ, ಆರ್‌ಎನ್‌ಎಯೂ ಇದೆ. ನಿಜವಾಗಿ ದುಡಿಯುವುದು ಯಾವುದು?

ಈ ಪ್ರಶ್ನೆ ಕೇಳಿದವರನ್ನು ನಾನು ಕೂರಿಸಿಕೊಂಡು ಉತ್ತರಿಸುತ್ತೇನೆ, ಏಕೆಂದರೆ ಇಡೀ ವಿಷಯದ ತಿರುಳು ಇಲ್ಲಿದೆ.

ಬಹುಕಾಲ ಎಲ್ಲರೂ ನಂಬಿದ್ದು ಹೀಗೆ: ಜೀವಕೋಶದಲ್ಲಿ ರಾಸಾಯನಿಕ ಕ್ರಿಯೆ ನಡೆಸುವುದು ಕಿಣ್ವ, ಕಿಣ್ವಗಳೆಲ್ಲ ಪ್ರೋಟೀನ್, ಆದ್ದರಿಂದ ರೈಬೋಸೋಮಿನಲ್ಲೂ ಪ್ರೋಟೀನೇ ದುಡಿಯುತ್ತದೆ, ಆರ್‌ಎನ್‌ಎ ಅದಕ್ಕೆ ಚೌಕಟ್ಟು. ಮೊದಲ ಬಿರುಕು ಬೇರೆ ಕಡೆಯಿಂದ ಬಂತು. 1980ರ ದಶಕದ ಆರಂಭದಲ್ಲಿ ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್, ಆರ್‌ಎನ್‌ಎ ಕೂಡ ಕಿಣ್ವದಂತೆ ಕೆಲಸ ಮಾಡಬಲ್ಲದು ಎಂದು ಪ್ರತ್ಯೇಕವಾಗಿ ತೋರಿಸಿದರು. 1989ರಲ್ಲಿ ಅವರಿಗೆ ನೊಬೆಲ್ ಬಂತು. 1992ರಲ್ಲಿ ಹ್ಯಾರಿ ನೋಲರ್ ಅವರ ತಂಡ ರೈಬೋಸೋಮಿನ ದೊಡ್ಡ ಭಾಗದಿಂದ ಪ್ರೋಟೀನನ್ನು ಬಹುಪಾಲು ಕಿತ್ತುಹಾಕಿತು. ಆದರೂ ಅಮೈನೋ ಆಮ್ಲಗಳನ್ನು ಬೆಸೆಯುವ ಶಕ್ತಿ ಉಳಿದಿತ್ತು. ಅಲ್ಪಸ್ವಲ್ಪ ಪ್ರೋಟೀನ್ ಇನ್ನೂ ಅಂಟಿಕೊಂಡಿದ್ದುದರಿಂದ ಅನುಮಾನವೂ ಉಳಿಯಿತು.

ಅನುಮಾನ ತೀರಿದ್ದು 2000ನೇ ಇಸವಿಯಲ್ಲಿ. ಮೃತ ಸಮುದ್ರದ ಉಪ್ಪು ನೀರಿನಲ್ಲಿ ಬಾಳುವ ಸೂಕ್ಷ್ಮಜೀವಿಯೊಂದರ ರೈಬೋಸೋಮಿನ ದೊಡ್ಡ ಭಾಗವನ್ನು ಹರಳುಗಟ್ಟಿಸಿ, ಎಕ್ಸ್ ಕಿರಣದಿಂದ ಥಾಮಸ್ ಸ್ಟೈಟ್ಸ್ ಅವರ ಬಳಗ ಅದರ ಅಣುಚಿತ್ರವನ್ನು ಪಡೆಯಿತು. ಬೆಸುಗೆ ನಡೆಯುವ ಜಾಗದ ಸುತ್ತ ಸುಮಾರು 18 ಆ್ಯಂಗ್‌ಸ್ಟ್ರಾಮ್‌ವರೆಗೆ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ದೂರದವರೆಗೆ, ಪ್ರೋಟೀನಿನ ಸುಳಿವೇ ಇರಲಿಲ್ಲ. ನಮ್ಮ ಕಣ್ಣಿಗೆ ಅದು ಏನೂ ಅಲ್ಲ; ರಾಸಾಯನಿಕ ಕ್ರಿಯೆಯಲ್ಲಿ ಕೈಹಾಕಲು ಅದು ತೀರಾ ದೂರ. ಬೆಸೆಯುವ ಜಾಗದಲ್ಲಿ ಇರುವುದೆಲ್ಲ ಆರ್‌ಎನ್‌ಎ. ಪ್ರೋಟೀನುಗಳು ಹೊರಗೋಡೆಯಲ್ಲಿ ನಿಂತು ಆಸರೆ ಕೊಡುತ್ತವೆ.

ಅದೇ ವರ್ಷ ವೆಂಕಟರಾಮನ್ ರಾಮಕೃಷ್ಣನ್ ಅವರ ತಂಡ ಸಣ್ಣ ಭಾಗದ ಚಿತ್ರವನ್ನು ಪ್ರಕಟಿಸಿತು. ಚಿದಂಬರದಲ್ಲಿ ಹುಟ್ಟಿ, ಬರೋಡಾದಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ನೆಲೆಸಿದವರು ಅವರು. ಸರಿಯಾದ ಟಿಆರ್‌ಎನ್‌ಎ ಬಂದಿದೆಯೇ ಎಂಬ ತಪಾಸಣೆ ಇಲ್ಲಿ ನಡೆಯುತ್ತದೆ. ಸಣ್ಣ ಭಾಗದ ಆರ್‌ಎನ್‌ಎಯ ಎರಡು ಎ ಅಕ್ಷರಗಳು, 1492 ಮತ್ತು 1493ನೆಯವು, ಹೊರಚಾಚಿ ಕೋಡಾನ್ ಮತ್ತು ಆ್ಯಂಟಿಕೋಡಾನ್ ಕೂಡುವ ಜಾಗವನ್ನು ಬೆರಳಿಟ್ಟಂತೆ ಮುಟ್ಟಿ ನೋಡುತ್ತವೆ. 530ನೆಯ ಜಿ ಅಕ್ಷರವೂ ಜೊತೆಗೂಡುತ್ತದೆ. ಜೋಡಿ ಸರಿಯಿದ್ದರೆ ಮಾತ್ರ ಬೆರಳು ಹೊಂದಿ ಕೂರುತ್ತದೆ. ಅಂದರೆ ಓದುವುದೂ ಆರ್‌ಎನ್‌ಎ, ಬೆಸೆಯುವುದೂ ಆರ್‌ಎನ್‌ಎ. ಸ್ಟೈಟ್ಸ್, ರಾಮಕೃಷ್ಣನ್ ಹಾಗೂ 1980ರಷ್ಟು ಹಿಂದೆಯೇ, ಇದು ಆಗದ ಕೆಲಸ ಎಂದು ಹಲವರು ತಳ್ಳಿಹಾಕಿದ್ದಾಗ, ರೈಬೋಸೋಮನ್ನು ಹರಳುಗಟ್ಟಿಸಿದ ಆದಾ ಯೋನಾತ್, ಈ ಮೂವರು 2009ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು.

30ಎಸ್ ಮತ್ತು 50ಎಸ್ ಸೇರಿ 70ಎಸ್ ಎಂದಿದೆ. 80 ಆಗಬೇಕಲ್ಲ, ಅಚ್ಚಿನ ತಪ್ಪೇ?

ತಪ್ಪಲ್ಲ. ಬ್ಯಾಕ್ಟೀರಿಯಾದ ರೈಬೋಸೋಮಿನ ಸಣ್ಣ ಭಾಗ 30ಎಸ್, ದೊಡ್ಡದು 50ಎಸ್, ಇಡೀ ರೈಬೋಸೋಮ್ 70ಎಸ್. ಎಸ್ ಎಂದರೆ ಸ್ವೆಡ್‌ಬರ್ಗ್, ಅದು ತೂಕವಲ್ಲ. ಅತಿವೇಗದಲ್ಲಿ ತಿರುಗಿಸಿದಾಗ ಕಣ ಎಷ್ಟು ಬೇಗ ತಳಕ್ಕಿಳಿಯುತ್ತದೆ ಎಂಬ ಅಳತೆ. ಆಕಾರವೂ ಅದರಲ್ಲಿ ಸೇರುವುದರಿಂದ ಕೂಡಿಸಿದರೆ ಲೆಕ್ಕ ತಾಳೆಯಾಗುವುದಿಲ್ಲ. ನಮ್ಮ ಕೋಶಗಳಲ್ಲಿ 40ಎಸ್ ಮತ್ತು 60ಎಸ್ ಸೇರಿ 80ಎಸ್.

ಉದ್ದದ ಎಂಆರ್‌ಎನ್‌ಎಯಲ್ಲಿ ಎಲ್ಲಿಂದ ಓದು ಆರಂಭಿಸಬೇಕೆಂದು ರೈಬೋಸೋಮಿಗೆ ಹೇಗೆ ತಿಳಿಯುತ್ತದೆ?

ಆರಂಭದ ಕೋಡಾನ್ ಸಾಮಾನ್ಯವಾಗಿ ಎಯುಜಿ. ಆದರೆ ಎಯುಜಿ ನಡುವೆಯೂ ಎಷ್ಟೋ ಬಾರಿ ಬರುತ್ತದೆ. ಬ್ಯಾಕ್ಟೀರಿಯಾದಲ್ಲಿ ನಿಜವಾದ ಆರಂಭಕ್ಕೆ ಸ್ವಲ್ಪ ಮೊದಲು ಒಂದು ಗುರುತು ಇರುತ್ತದೆ, ರೈಬೋಸೋಮಿನ 16ಎಸ್ ಆರ್‌ಎನ್‌ಎಯ ತುದಿ ಅದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಿ ಕೂರುತ್ತದೆ. 1974ರಲ್ಲಿ ಇದನ್ನು ಗುರುತಿಸಿದ ಜಾನ್ ಶೈನ್ ಮತ್ತು ಲಿನ್ ಡಾಲ್ಗಾರ್ನೋ ಅವರ ಹೆಸರೇ ಅದಕ್ಕೆ ಉಳಿದಿದೆ. ನಮ್ಮ ಕೋಶಗಳಲ್ಲಿ ಕ್ರಮ ಬೇರೆ: ಸಣ್ಣ ಭಾಗ ಎಂಆರ್‌ಎನ್‌ಎಯ ತಲೆಯಲ್ಲಿರುವ ಟೋಪಿಯಂಥ ರಚನೆಯ ಬಳಿ ಹತ್ತಿ, ಸೂಕ್ತ ಎಯುಜಿ ಸಿಗುವ ತನಕ ಎಳೆಯುದ್ದಕ್ಕೂ ಸರಿಯುತ್ತದೆ.

ಆರಂಭಕ್ಕೆ ಒಂದು ಪ್ರತ್ಯೇಕ ಟಿಆರ್‌ಎನ್‌ಎ ಇದೆ. ನಡುವಿನ ಎಯುಜಿಗಳಿಗೆ ಮೆಥಿಯೊನೀನ್ ತರುವ ಟಿಆರ್‌ಎನ್‌ಎ ಬೇರೆ, ಆರಂಭದ್ದು ಬೇರೆ. ಬ್ಯಾಕ್ಟೀರಿಯಾದ ಆರಂಭಿಕ ಟಿಆರ್‌ಎನ್‌ಎಯ ಕಾಂಡದಲ್ಲಿ ಜಿ ಅಕ್ಷರಕ್ಕೆ ಸಿ ಹೊಂದಿ ಕೂತ ಮೂರು ಜೋಡಿಗಳು ಒಂದರ ಮೇಲೊಂದು ಇವೆ. ಅವುಗಳ ಮಹತ್ವವನ್ನು ಬಿಡಿಸಿದ ಪ್ರಯೋಗಾಲಯಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ವಾರ್ಷ್ಣೇಯ ಅವರದೂ ಒಂದು. ವಿಜ್ಞಾನವೆಲ್ಲ ದೂರ ದೇಶದಲ್ಲೇ ನಡೆಯುತ್ತದೆ ಎಂದುಕೊಳ್ಳುವ ನಮ್ಮ ಮಕ್ಕಳಿಗೆ ಇದನ್ನು ತಪ್ಪದೆ ಹೇಳುತ್ತೇನೆ.

"ನಿಲ್ಲಿಸು" ಎನ್ನುವ ಕೋಡಾನಿಗೆ ಯಾವ ಟಿಆರ್‌ಎನ್‌ಎ ಬರುತ್ತದೆ?

ಯಾವುದೂ ಬರುವುದಿಲ್ಲ. ಯುಎಎ, ಯುಎಜಿ, ಯುಜಿಎ ಬಂದಾಗ ಬಿಡುಗಡೆ ಅಂಶ ಎಂಬ ಪ್ರೋಟೀನ್ ಬಂದು ಟಿಆರ್‌ಎನ್‌ಎಯ ಜಾಗದಲ್ಲಿ ಕೂತು ಸರಪಳಿಯನ್ನು ಬಿಡಿಸುತ್ತದೆ. ಒಂದು ವಿನಾಯಿತಿ: ಸೆಲೆನಿಯಂ ಇರುವ ಅಮೈನೋ ಆಮ್ಲವನ್ನು ಸೇರಿಸಬೇಕಾದ ಕೆಲವು ಪ್ರೋಟೀನುಗಳಲ್ಲಿ ಯುಜಿಎಗೂ ಒಂದು ವಿಶೇಷ ಟಿಆರ್‌ಎನ್‌ಎ ಬರುತ್ತದೆ.

ಒಂದು ಪ್ರೋಟೀನ್ ಕಟ್ಟಲು ಎಷ್ಟು ಹೊತ್ತು? ಎಂಆರ್‌ಎನ್‌ಎ ಎಷ್ಟು ದಿನ ಉಳಿಯುತ್ತದೆ?

ಬ್ಯಾಕ್ಟೀರಿಯಾದ ರೈಬೋಸೋಮ್ ಸೆಕೆಂಡಿಗೆ 15ರಿಂದ 20 ಅಮೈನೋ ಆಮ್ಲ ಜೋಡಿಸುತ್ತದೆ, ನಮ್ಮದು ಐದಾರು. ಫೈಬ್ರಾಯಿನ್‌ನ ಉದ್ದನೆಯ ಸರಪಳಿಯಲ್ಲಿ 5,200ಕ್ಕೂ ಹೆಚ್ಚು ಅಮೈನೋ ಆಮ್ಲಗಳಿವೆ; ಈ ಲೆಕ್ಕದಲ್ಲಿ ಒಂದಕ್ಕೆ ಕಾಲು ಗಂಟೆ ಬೇಕು. ಆದರೆ ಒಂದೇ ಎಂಆರ್‌ಎನ್‌ಎ ಮೇಲೆ ಹಲವು ರೈಬೋಸೋಮುಗಳು ಸಾಲಾಗಿ ಸಾಗುವುದರಿಂದ ಒಂದು ಮುಗಿಯುವ ಮೊದಲೇ ಹಿಂದಿನವು ಅರ್ಧ ದಾರಿ ಬಂದಿರುತ್ತವೆ.

ಬ್ಯಾಕ್ಟೀರಿಯಾದ ಎಂಆರ್‌ಎನ್‌ಎ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ನಮ್ಮಲ್ಲಿ ಗಂಟೆಗಳು, ಕೆಲವೊಮ್ಮೆ ದಿನಗಳು. ಎಳೆಯ ಕೆಂಪು ರಕ್ತಕಣ ಕೋಶಕೇಂದ್ರವನ್ನು ಹೊರದೂಡಿದ ಮೇಲೂ ಒಂದೆರಡು ದಿನ ಹಿಮೋಗ್ಲೋಬಿನ್ ಕಟ್ಟುತ್ತಲೇ ಇರುತ್ತದೆ, ಉಳಿದ ಎಂಆರ್‌ಎನ್‌ಎಯ ಬಲದಿಂದ. ಫೈಬ್ರಾಯಿನ್‌ನ ಎಂಆರ್‌ಎನ್‌ಎ ಕೂಡ ಗಟ್ಟಿ ಬಾಳಿಕೆಯದು. 1972ರಷ್ಟು ಹಿಂದೆಯೇ ಅದನ್ನು ಶುದ್ಧವಾಗಿ ಬೇರ್ಪಡಿಸಲು ಸಾಧ್ಯವಾಗಿತ್ತು.

## ಇನ್ನಷ್ಟು ಒಳಗೆ

ಮೂರೇ ಬಗೆ ಎಂದು ಓದಿದ್ದೆವು. ಈಗ ಹತ್ತಾರು ಹೆಸರು ಕೇಳುತ್ತೇವೆ. ಇವೆಲ್ಲ ಪ್ರೋಟೀನ್ ತಯಾರಿಕೆಗೆ ಸೇರಿದವೇ?

ಬಹಳಷ್ಟು ಸೇರಿದವೇ. ಆ ಮೂರು ಆರ್‌ಎನ್‌ಎಗಳನ್ನು ಸಿದ್ಧಪಡಿಸುವುದು, ಕಾಯುವುದು, ತಡೆಯುವುದು ಇವುಗಳ ಕೆಲಸ. ಆರ್‌ಎನ್‌ಏಸ್ ಪಿ ಎಂಬ ಕಿಣ್ವ ಟಿಆರ್‌ಎನ್‌ಎಯ ತಲೆಯ ಹೆಚ್ಚುವರಿ ಭಾಗವನ್ನು ಕತ್ತರಿಸುತ್ತದೆ. ಬ್ಯಾಕ್ಟೀರಿಯಾದಲ್ಲಿ ಅದರ ಕತ್ತರಿಯೇ ಆರ್‌ಎನ್‌ಎ. ಸ್ನೋಆರ್‌ಎನ್‌ಎಗಳು ರೈಬೋಸೋಮಿನ ಆರ್‌ಎನ್‌ಎಯಲ್ಲಿ ಯಾವ ಅಕ್ಷರವನ್ನು ತಿದ್ದಬೇಕೆಂದು ಕಿಣ್ವಗಳಿಗೆ ತೋರಿಸುತ್ತವೆ. ಇನ್ಸುಲಿನ್‌ನಂತೆ ಕೋಶದಿಂದ ಹೊರಹೋಗಬೇಕಾದ ಪ್ರೋಟೀನ್ ಮೊಳೆಯುತ್ತಿದ್ದಂತೆಯೇ ಅದರ ತುದಿಯನ್ನು ಗುರುತಿಸಿ ರೈಬೋಸೋಮನ್ನು ಸರಿಯಾದ ಪೊರೆಗೆ ತಲುಪಿಸುವ ಕಣದ ಬೆನ್ನೆಲುಬು ಸುಮಾರು 300 ಅಕ್ಷರಗಳ ಒಂದು ಆರ್‌ಎನ್‌ಎ.

ನನ್ನ ಮೆಚ್ಚಿನದು ಬ್ಯಾಕ್ಟೀರಿಯಾದ ಟಿಎಂಆರ್‌ಎನ್‌ಎ. ಎಂಆರ್‌ಎನ್‌ಎ ತುಂಡಾಗಿ "ನಿಲ್ಲಿಸು" ಕೋಡಾನ್ ಕಳೆದುಹೋದರೆ ರೈಬೋಸೋಮ್ ಅಲ್ಲೇ ಸಿಕ್ಕಿಬೀಳುತ್ತದೆ. ಆಗ ಇದು ಮೊದಲು ಟಿಆರ್‌ಎನ್‌ಎಯಂತೆ ಒಳಹೊಕ್ಕು ಅಲನೀನ್ ಕೊಡುತ್ತದೆ, ನಂತರ ಎಂಆರ್‌ಎನ್‌ಎಯಂತೆ ತನ್ನನ್ನೇ ಓದಿಸಿಕೊಂಡು ಆ ಅರೆಬರೆ ಪ್ರೋಟೀನಿಗೆ "ಒಡೆದು ಹಾಕಿ" ಎಂಬ ಚೀಟಿ ಸೇರಿಸಿ ರೈಬೋಸೋಮನ್ನು ಬಿಡಿಸುತ್ತದೆ. ಎರಡು ಪಾತ್ರ, ಒಂದೇ ಅಣು.

ಇನ್ನು ಮೈಕ್ರೋಆರ್‌ಎನ್‌ಎಗಳು. ಸುಮಾರು 22 ಅಕ್ಷರಗಳ ಇವು ಎಂಆರ್‌ಎನ್‌ಎಗೆ ಜೋಡಿಯಾಗಿ ಅದರ ಓದನ್ನು ತಗ್ಗಿಸುತ್ತವೆ ಅಥವಾ ಅದು ಬೇಗ ನಾಶವಾಗುವಂತೆ ಮಾಡುತ್ತವೆ. ವಿಕ್ಟರ್ ಆ್ಯಂಬ್ರೋಸ್ ಮತ್ತು ಗ್ಯಾರಿ ರವ್ಕುನ್ 1993ರಲ್ಲಿ ಒಂದು ಪುಟ್ಟ ದುಂಡುಹುಳುವಿನಲ್ಲಿ ಇದನ್ನು ಕಂಡರು. 2024ರಲ್ಲಿ ನೊಬೆಲ್ ಬಂತು.

ಎಂಆರ್‌ಎನ್‌ಎಯನ್ನು ಕತ್ತರಿಸಿ ಅಂಟಿಸುತ್ತಾರಂತೆ. ಅಲ್ಲಿ ತಪ್ಪಾದರೆ ಏನಾಗುತ್ತದೆ?

ನಮ್ಮ ಹೆಚ್ಚಿನ ವಂಶವಾಹಿಗಳಲ್ಲಿ ಪ್ರೋಟೀನಿಗೆ ಬೇಕಾದ ಭಾಗಗಳ ನಡುವೆ ಬೇಡದ ಭಾಗಗಳಿರುತ್ತವೆ. 1977ರಲ್ಲಿ ಇದು ಬೆಳಕಿಗೆ ಬಂತು. ಮೊದಲ ನಕಲಿನಿಂದ ಬೇಡದ ಭಾಗ ತೆಗೆದು ಉಳಿದದ್ದನ್ನು ಬೆಸೆಯುವ ಯಂತ್ರದಲ್ಲಿ ಯು1, ಯು2, ಯು4, ಯು5, ಯು6 ಎಂಬ ಪುಟ್ಟ ಆರ್‌ಎನ್‌ಎಗಳಿವೆ. ಎಲ್ಲಿ ಕತ್ತರಿಸಬೇಕು ಎಂದು ಮೊದಲು ಗುರುತು ಹಾಕುವುದು ಯು1, ಅಕ್ಷರಗಳ ಹೊಂದಾಣಿಕೆಯ ಮೂಲಕ.

ಈ ಹೊಂದಾಣಿಕೆಯಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ಬೆಲೆ ತೆರುವ ಮಕ್ಕಳು ನಮ್ಮ ದೇಶದಲ್ಲಿ ಅನೇಕರಿದ್ದಾರೆ. ಬೀಟಾ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಗೆ ಭಾರತದಲ್ಲಿ ಅತಿ ಹೆಚ್ಚಾಗಿ ಕಾಣುವ ಕಾರಣ, ಹಿಮೋಗ್ಲೋಬಿನ್‌ನ ಭಾಗವಾದ ಬೀಟಾ ಗ್ಲೋಬಿನ್ ವಂಶವಾಹಿಯ ಮೊದಲ ಬೇಡದ ಭಾಗದ ಐದನೆಯ ಅಕ್ಷರ ಜಿ ಇದ್ದದ್ದು ಸಿ ಆಗಿರುವುದು. ಪ್ರೋಟೀನನ್ನು ಸೂಚಿಸುವ ಒಂದು ಅಕ್ಷರವೂ ಬದಲಾಗಿಲ್ಲ! ಆದರೆ ಯು1 ಸರಿಯಾಗಿ ಕೂರಲಾರದೆ ಕತ್ತರಿ ತಪ್ಪು ಜಾಗದಲ್ಲಿ ಬೀಳುತ್ತದೆ, ಸರಿಯಾದ ಎಂಆರ್‌ಎನ್‌ಎ ತೀರಾ ಕಡಿಮೆಯಾಗುತ್ತದೆ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮದುವೆಗೆ ಮುಂಚೆ ಅಥವಾ ಗರ್ಭದ ಆರಂಭದಲ್ಲಿ ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಾನು ಪ್ರತಿ ತರಗತಿಯಲ್ಲೂ ಕೇಳಿಕೊಳ್ಳುತ್ತೇನೆ.

ಆ್ಯಂಟಿಬಯಾಟಿಕ್‌ಗೂ ರೈಬೋಸೋಮಿಗೂ ಏನು ಸಂಬಂಧ?

ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಟೆಟ್ರಾಸೈಕ್ಲಿನ್ ಬ್ಯಾಕ್ಟೀರಿಯಾದ ರೈಬೋಸೋಮಿನ ಸಣ್ಣ ಭಾಗವನ್ನು ಹಿಡಿಯುತ್ತವೆ. ಎರಿಥ್ರೊಮೈಸಿನ್, ಅಜಿಥ್ರೊಮೈಸಿನ್, ಕ್ಲೋರಂಫೆನಿಕಾಲ್ ದೊಡ್ಡ ಭಾಗವನ್ನು. ಇವು ಅಂಟುವುದು ಮುಖ್ಯವಾಗಿ ಆರ್‌ಎನ್‌ಎಗೆ. ನಮ್ಮ ರೈಬೋಸೋಮಿನ ಆರ್‌ಎನ್‌ಎ ಅಲ್ಲಲ್ಲಿ ಭಿನ್ನವಾಗಿರುವುದರಿಂದ ನಮಗೆ ಅಷ್ಟು ತೊಂದರೆಯಿಲ್ಲ. ಬ್ಯಾಕ್ಟೀರಿಯಾ ತನ್ನ ಆರ್‌ಎನ್‌ಎಯ ಒಂದೇ ಅಕ್ಷರಕ್ಕೆ ಸಣ್ಣ ರಾಸಾಯನಿಕ ಗುಂಪನ್ನು ಅಂಟಿಸಿಕೊಂಡು ಎರಿಥ್ರೊಮೈಸಿನ್‌ನಿಂದ ತಪ್ಪಿಸಿಕೊಳ್ಳುವುದೂ ಉಂಟು.

ಆದರೆ ನಮ್ಮ ಮೈಟೋಕಾಂಡ್ರಿಯಾದೊಳಗಿನ ರೈಬೋಸೋಮ್ ಬ್ಯಾಕ್ಟೀರಿಯಾದ್ದಕ್ಕೆ ಹತ್ತಿರದ ನಂಟು. ಕೆಲವರಲ್ಲಿ ಅದರ 12ಎಸ್ ಆರ್‌ಎನ್‌ಎಯ ಒಂದು ಎ ಅಕ್ಷರ ಜಿ ಆಗಿ, ಅದು ಬ್ಯಾಕ್ಟೀರಿಯಾದಂತೆಯೇ ಕಾಣುತ್ತದೆ. ಅಂಥವರಿಗೆ ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಜಾತಿಯ ಮದ್ದು ಕೊಟ್ಟರೆ ಕಿವಿ ಶಾಶ್ವತವಾಗಿ ಮಂದವಾಗಬಹುದು. ಇದು ತಾಯಿಯ ಕಡೆಯಿಂದ ಬರುವ ಗುಣ. ತಾಯಿಯ ವಂಶದಲ್ಲಿ ಯಾರಿಗಾದರೂ ಇಂಥ ಚುಚ್ಚುಮದ್ದಿನ ನಂತರ ಕಿವುಡು ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಹರಳು ಬೀಜ ವಿಷ ಎನ್ನುತ್ತಾರೆ, ಹರಳೆಣ್ಣೆ ಕುಡಿಸುತ್ತಾರೆ. ಇದಕ್ಕೂ ಆರ್‌ಎನ್‌ಎಗೂ ನಂಟಿದೆಯೇ?

ಇದೆ. ಹರಳು ಅಥವಾ ಔಡಲ ಬೀಜದಲ್ಲಿರುವ ರೈಸಿನ್ ಎಂಬ ಪ್ರೋಟೀನ್, ರೈಬೋಸೋಮಿನ ದೊಡ್ಡ ಭಾಗದ 28ಎಸ್ ಆರ್‌ಎನ್‌ಎಯಲ್ಲಿ ಸಾವಿರಾರು ಅಕ್ಷರಗಳ ನಡುವೆ ಒಂದೇ ಒಂದು ಎ ಅಕ್ಷರದ ತಲೆಯನ್ನು ಕಳಚುತ್ತದೆ. ಅಷ್ಟಕ್ಕೇ ಇಡೀ ರೈಬೋಸೋಮ್ ಸ್ತಬ್ಧ. ಒಂದು ರೈಸಿನ್ ಅಣು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ರೈಬೋಸೋಮುಗಳನ್ನು ಕೆಡಿಸಬಲ್ಲದು. 1987ರಲ್ಲಿ ಜಪಾನಿನ ಯಾಯೇತಾ ಎಂಡೊ ಮತ್ತು ಸಂಗಡಿಗರು ಈ ಬಗೆಯನ್ನು ಕಂಡುಹಿಡಿದರು. ರೈಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಹರಳು ಹಿಂಡಿಯನ್ನು ಗೊಬ್ಬರಕ್ಕೆ ಹಾಕುತ್ತಾರೆ, ದನಕ್ಕೆ ಹಾಕುವುದಿಲ್ಲ ಎಂಬ ನಮ್ಮ ರೈತರ ಎಚ್ಚರಿಕೆಯ ಹಿಂದಿರುವ ಕಾರಣ ಇದು.

ಎಂಆರ್‌ಎನ್‌ಎ ಲಸಿಕೆ ನಮ್ಮ ಡಿಎನ್‌ಎಯನ್ನು ಬದಲಿಸುತ್ತದೆಯೇ?

ಇಲ್ಲ. ಲಸಿಕೆಯ ಎಂಆರ್‌ಎನ್‌ಎ ಕೋಶಕೇಂದ್ರದ ಹೊರಗಿರುವ ರೈಬೋಸೋಮುಗಳಲ್ಲಿ ಓದಿಸಿಕೊಂಡು, ಬೇರೆ ಯಾವುದೇ ಎಂಆರ್‌ಎನ್‌ಎಯಂತೆ ಒಡೆದು ಹೋಗುತ್ತದೆ. ಅದು ಹೇಳುವುದು ಕೊರೊನಾ ವೈರಸ್ಸಿನ ಮುಳ್ಳಿನ ಪ್ರೋಟೀನನ್ನು ಮಾತ್ರ. ಕರ್ನಾಟಕದಲ್ಲಿ ಬಹುತೇಕರು ಪಡೆದದ್ದು ಕೋವಿಶೀಲ್ಡ್ ಅಥವಾ ಕೋವ್ಯಾಕ್ಸಿನ್. ಅವೆರಡೂ ಎಂಆರ್‌ಎನ್‌ಎ ಲಸಿಕೆಗಳಲ್ಲ. ಅಮೆರಿಕ, ಯೂರೋಪಿನಲ್ಲಿರುವ ನಮ್ಮವರು ಹೆಚ್ಚಾಗಿ ಎಂಆರ್‌ಎನ್‌ಎ ಲಸಿಕೆ ಪಡೆದರು. ಭಾರತದ್ದೇ ಆದ ಎಂಆರ್‌ಎನ್‌ಎ ಲಸಿಕೆ, ಪುಣೆಯಲ್ಲಿ ತಯಾರಾದ ಜೆಮ್‌ಕೋವ್ಯಾಕ್, 2022ರ ಜೂನ್‌ನಲ್ಲಿ ತುರ್ತು ಬಳಕೆಗೆ ಅನುಮತಿ ಪಡೆಯಿತು. ಸಾಮಾನ್ಯ ಫ್ರಿಜ್‌ನ ತಂಪಿನಲ್ಲೇ ಅದನ್ನು ಇಡಬಹುದು.

ಈ ಲಸಿಕೆಯ ಹಿಂದೆ ಟಿಆರ್‌ಎನ್‌ಎಯ ಪಾಠವಿದೆ. ಹೊರಗಿನಿಂದ ಕೊಟ್ಟ ಎಂಆರ್‌ಎನ್‌ಎಯನ್ನು ದೇಹ ಶತ್ರು ಎಂದು ಭಾವಿಸಿ ಉರಿಯೂತ ಎಬ್ಬಿಸುತ್ತಿತ್ತು. ಟಿಆರ್‌ಎನ್‌ಎ ಕೊಟ್ಟಾಗ ಹಾಗಾಗುತ್ತಿರಲಿಲ್ಲ. ಏಕೆ? ಟಿಆರ್‌ಎನ್‌ಎಯಲ್ಲಿ ಯು ಅಕ್ಷರದ ತಿದ್ದಿದ ರೂಪವಾದ ಸ್ಯೂಡೋಯುರಿಡಿನ್‌ನಂಥ ಅಕ್ಷರಗಳು ಹೇರಳ. ಕಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ ಎಂಆರ್‌ಎನ್‌ಎಯಲ್ಲೂ ಅಂಥ ಅಕ್ಷರ ಬಳಸಿ ಉರಿಯೂತವನ್ನು ತಗ್ಗಿಸಿದ ಸಂಶೋಧನೆ 2005ರಲ್ಲಿ ಪ್ರಕಟವಾಯಿತು. 2023ರಲ್ಲಿ ಅವರಿಗೆ ನೊಬೆಲ್ ಬಂತು.

ಪ್ರೋಟೀನ್ ಕಟ್ಟಲು ರೈಬೋಸೋಮ್ ಬೇಕು, ರೈಬೋಸೋಮಿಗೆ ಪ್ರೋಟೀನ್ ಬೇಕು. ಹಾಗಾದರೆ ಮೊದಲು ಬಂದದ್ದು ಯಾವುದು?

ಬೀಜವೃಕ್ಷ ನ್ಯಾಯದಂತೆ ಕಾಣುವ ಈ ಗಂಟು, ಬೆಸೆಯುವ ಜಾಗದಲ್ಲಿ ಆರ್‌ಎನ್‌ಎ ಮಾತ್ರ ಇದೆ ಎಂದು ತಿಳಿದಾಗ ಸಡಿಲವಾಯಿತು. ಆರ್‌ಎನ್‌ಎಗೆ ಮಾಹಿತಿ ಹಿಡಿದಿಡುವ ಶಕ್ತಿಯೂ ಇದೆ, ಕ್ರಿಯೆ ನಡೆಸುವ ಶಕ್ತಿಯೂ ಇದೆ. ಪ್ರೋಟೀನಿಗಿಂತ ಮುಂಚೆ ಆರ್‌ಎನ್‌ಎಯೇ ಎರಡೂ ಕೆಲಸ ಮಾಡುತ್ತಿದ್ದ ಕಾಲವೊಂದಿತ್ತು ಎಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ನನಗೂ ಈ ವಾದ ಒಪ್ಪಿತ.

ಯೋನಾತ್ ಅವರ ಬಳಗ ಬೇರೆ ಬೇರೆ ಜೀವಿಗಳ ರೈಬೋಸೋಮುಗಳನ್ನು ಹೋಲಿಸಿದಾಗ, ಬೆಸೆಯುವ ಜಾಗದ ಸುತ್ತ ಸುಮಾರು 180 ಅಕ್ಷರಗಳ ಒಂದು ಭಾಗ ಎಲ್ಲದರಲ್ಲೂ ಕಂಡಿತು. ಅದರ ಎರಡು ಅರ್ಧಗಳು ಕನ್ನಡಿಯ ಅಕ್ಕಪಕ್ಕದಂತಲ್ಲ, ಒಂದನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದರ ಎದುರು ಇಟ್ಟಂತೆ ಕೂತಿವೆ. ಒಂದು ಪುಟ್ಟ ಆರ್‌ಎನ್‌ಎಯ ಎರಡು ಪ್ರತಿಗಳು ಎದುರುಬದುರು ಸೇರಿ ಮೊದಲ ರೈಬೋಸೋಮ್ ಆಗಿರಬೇಕು ಎಂಬುದು ಅವರ ಊಹೆ. ಪರೀಕ್ಷಿಸಲು ಅಂಥ ತುಣುಕುಗಳನ್ನು ಪ್ರಯೋಗಾಲಯದಲ್ಲಿ ಕಟ್ಟಿದರು. ಪ್ರೋಟೀನ್ ಇಲ್ಲ, ಸಣ್ಣ ಭಾಗ ಇಲ್ಲ, ಎಂಆರ್‌ಎನ್‌ಎಯೂ ಇಲ್ಲ. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆ ಬರಿಯ ಆರ್‌ಎನ್‌ಎ ಜೋಡಿ ಎರಡು ಅಮೈನೋ ಆಮ್ಲಗಳ ನಡುವೆ ಒಂದು ಬಂಧವನ್ನು ಬೆಸೆದಿತ್ತು.